ನಾಯಿ ಇದ್ದರೆ ಸಾಲದೇ? ಐವತ್ತು ದಾಟಿದ ಮೇಲೆ ಬಂದ ಸಂಬಂಧದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಸಿಂಧನೂರಿನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ; ವಯಸ್ಸು 54. ಯಜಮಾನರು ತೀರಿಕೊಂಡು ಐದು ವರ್ಷವಾಯಿತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ, ಯುಗಾದಿಗೂ ದೀಪಾವಳಿಗೂ ಬಂದು ಹೋಗುತ್ತಾನೆ. ಉಳಿದ ದಿನಗಳಲ್ಲಿ ಮನೆಯಲ್ಲಿರುವುದು ನಾನು ಮತ್ತು ಕೆಂಚಿ. ನಾಲ್ಕು ವರ್ಷದ ಹಿಂದೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹಿಂಡು ನಿಲ್ಲಿಸಿದ್ದ ಲಿಂಗಸುಗೂರಿನ ಕಡೆಯ ಕುರಿಗಾರರು ಕೊಟ್ಟ ಮರಿ ಅವಳು. ಮುಧೋಳ ತಳಿಯ ಬೆರಕೆ ಇರಬೇಕು, ಉದ್ದನೆಯ ಕಾಲು, ಒಳಸೇರಿದ ಹೊಟ್ಟೆ, ಕೆಮ್ಮಣ್ಣಿನ ಬಣ್ಣ.

ಈಗ ನನ್ನ ಅಣ್ಣ ಒಂದು ಸಂಬಂಧ ತಂದಿದ್ದಾನೆ. ಅವರು ಮಾನ್ವಿಯವರು, ನಿವೃತ್ತ ಎಂಜಿನಿಯರ್, ವಯಸ್ಸು 60, ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿದೆ. ನಮ್ಮ ಭಾಗದಲ್ಲಿ ಉಡಿಕೆಯ, ಅಂದರೆ ವಿಧವೆಯ ಮರುಮದುವೆಯ, ಪದ್ಧತಿ ಹಿಂದಿನಿಂದಲೂ ಇರುವುದರಿಂದ ಇದನ್ನು ಯಾರೂ ನಡೆಯಬಾರದ ಸಂಗತಿ ಎನ್ನುವುದಿಲ್ಲ. ನನ್ನ ಅಜ್ಜಿಯ ತಂಗಿಗೆ ಆದದ್ದೂ ಉಡಿಕೆಯೇ. ಮಗನೂ ಒಪ್ಪಿದ್ದಾನೆ. ಎರಡು ಸಲ ಭೇಟಿಯಾಗಿದ್ದೇವೆ, ಮನುಷ್ಯ ಸಭ್ಯರು. ತೊಡಕು ಇರುವುದು ಕೆಂಚಿಯ ವಿಷಯದಲ್ಲಿ. ಅವರಿಗೆ ಚಿಕ್ಕಂದಿನಲ್ಲಿ ಹುಚ್ಚುನಾಯಿ ಕಡಿದು ಹೊಕ್ಕುಳಿನ ಸುತ್ತ 14 ಚುಚ್ಚುಮದ್ದು ಹಾಕಿಸಿದ್ದರಂತೆ, ಅಂದಿನಿಂದ ನಾಯಿಯೆಂದರೆ ಬೆವರುತ್ತಾರೆ. ನನ್ನೆದುರು ಏನೂ ಹೇಳಲಿಲ್ಲ, ಆದರೆ ಅಣ್ಣನ ಬಳಿ, "ಅದನ್ನು ನಿಮ್ಮ ಹೊಲದ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ" ಎಂದು ಕೇಳಿದ್ದಾರೆ.

ಆ ಮಾತು ಕೇಳಿದಂದಿನಿಂದ ನಾನು ತಕ್ಕಡಿ ಹಿಡಿದು ಕುಳಿತಿದ್ದೇನೆ. ಒಂದು ತಟ್ಟೆಯಲ್ಲಿ ಇರುವುದನ್ನು ಹೇಳುತ್ತೇನೆ. ನಾನು ದಿನಾ ನಾಲ್ಕು ರೊಟ್ಟಿ ಬಡಿಯುತ್ತೇನೆ, ಮೂರು ನನಗೆ, ಉಪ್ಪು ಹಾಕದ ಚಿಕ್ಕ ನಾಲ್ಕನೆಯದು ಅವಳಿಗೆ. ಮೊದಲ ಮೂರು ರೊಟ್ಟಿ ಬಡಿಯುವಾಗ ಅವಳು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾಳೆ. ನಾಲ್ಕನೆಯದರ ಸಪ್ಪಳಕ್ಕೆ ಎದ್ದು ಬಂದು ಅಡುಗೆಮನೆಯ ಹೊಸ್ತಿಲಿನ ಆಚೆಗೆ, ಒಂದು ಉಗುರೂ ಒಳಗೆ ಬಾರದಂತೆ ನಿಲ್ಲುತ್ತಾಳೆ. ನನ್ನ ಎಂಟನೆಯ ತರಗತಿಯ ಕೆಲವು ಮಕ್ಕಳಿಗಿಂತ ಚೆನ್ನಾಗಿ ಎಣಿಸುತ್ತಾಳೆ ಎಂದು ಸಹೋದ್ಯೋಗಿಗಳ ಬಳಿ ತಮಾಷೆ ಮಾಡುತ್ತಿರುತ್ತೇನೆ.

ಇನ್ನೊಂದು ತಟ್ಟೆಯಲ್ಲಿ 24 ವರ್ಷದ ದಾಂಪತ್ಯದ ನೆನಪಿದೆ. ಯಜಮಾನರು ಕೆಟ್ಟವರಾಗಿರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಆದರೆ ಸಿಟ್ಟು ಬಂದರೆ ಎರಡೆರಡು ವಾರ ಮಾತು ಬಿಡುತ್ತಿದ್ದರು, ಊಟದ ತಟ್ಟೆಯನ್ನು ಸಹ ಮಗನ ಕೈಯಲ್ಲಿ ಕೇಳಿಸುತ್ತಿದ್ದರು. ಕೆಂಚಿಗೂ ಮಾತು ಬಾರದು, ಆದರೆ ಆ ಎರಡು ಮೌನಗಳನ್ನು ನಾನು ಒಂದೇ ಹೆಸರಿನಿಂದ ಕರೆಯಲಾರೆ. ಮತ್ತೆ ಅಂಥ ಎರಡು ವಾರಗಳಿಗೆ ಬಾಗಿಲು ತೆರೆಯುವ ಧೈರ್ಯ ಈ ವಯಸ್ಸಿನಲ್ಲಿ ಬೇಕೇ ಎಂಬುದು ನನ್ನ ಪ್ರಶ್ನೆ.

ಬಳ್ಳಾರಿ ಕೌಲ್ ಬಜಾರಿನಿಂದ ಒಬ್ಬ ಓದುಗ:

ಅಕ್ಕನವರೇ, ಇದರಲ್ಲಿ ತೂಗುವುದಕ್ಕೆ ಏನಿದೆ? ನಾನು ಹನ್ನೆರಡು ವರ್ಷದ ಗೆಳೆಯನಿಗೆ ಸಾಲಕ್ಕೆ ಜಾಮೀನು ನಿಂತೆ. ಅವನು ಮೂರನೆಯ ಕಂತಿಗೇ ಊರು ಬಿಟ್ಟ. ಆ ಸಾಲ ತೀರಿಸಲು ನಾನು ತಂದೆ ಕೊಟ್ಟಿದ್ದ ನಿವೇಶನ ಮಾರಿದೆ, ಮನೆಯವಳು ಬಂಗಾರ ಅಡ ಇಟ್ಟಳು. ಅವನ ಮಗಳ ಮದುವೆಯ ಚಿತ್ರಗಳು ಕಳೆದ ವರ್ಷ ಮೊಬೈಲಿನಲ್ಲಿ ಬಂದವು, ನಗುತ್ತಿದ್ದ. ನನ್ನ ಮನೆಯ ಮುಂದೆ ಎರಡು ಬೀದಿನಾಯಿಗಳಿವೆ, ರಾತ್ರಿ ಪಾಳಿ ಮುಗಿಸಿ ಬರುವಾಗ ಗಲ್ಲಿಯ ತಿರುವಿನಿಂದ ಮನೆಯವರೆಗೆ ಜೊತೆಗೆ ನಡೆದು ಬರುತ್ತವೆ. ಧರ್ಮರಾಯನ ಕಥೆ ನಿಮಗೆ ಗೊತ್ತಿದೆ. ದಾರಿಯಲ್ಲಿ ದ್ರೌಪದಿ ಬಿದ್ದಳು, ನಾಲ್ವರು ತಮ್ಮಂದಿರು ಬಿದ್ದರು, ಅವನು ತಿರುಗಿ ನೋಡಲಿಲ್ಲ. ನಾಯಿಯನ್ನು ಬಿಟ್ಟು ಬಾ ಎಂದಾಗ ಮಾತ್ರ ಸ್ವರ್ಗವೇ ಬೇಡವೆಂದು ನಿಂತ. ಜೀವನವೆಲ್ಲ ಮನುಷ್ಯರನ್ನು ನೋಡಿದವನ ತೀರ್ಮಾನ ಅದು.

ಕೊಪ್ಪಳದ ನಿವೃತ್ತ ಉಪನ್ಯಾಸಕ:

ತಮ್ಮಾ, ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೀರಿ. ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂದ್ರನು ರಥ ತಂದಾಗ ಧರ್ಮರಾಯನು ಮೊದಲು ಕೇಳುವುದು ತಮ್ಮಂದಿರನ್ನೂ ದ್ರೌಪದಿಯನ್ನೂ. ಅವರಿಲ್ಲದೆ ತಾನು ಬರುವುದಿಲ್ಲ ಎನ್ನುತ್ತಾನೆ. ಅವರು ಆಗಲೇ ಅಲ್ಲಿಗೆ ಹೋಗಿದ್ದಾರೆಂದು ಇಂದ್ರನು ಹೇಳಿದ ಮೇಲಷ್ಟೇ ನಾಯಿಯ ಮಾತು ಬರುತ್ತದೆ. ನಾಯಿಯನ್ನು ಬಿಡದವನು ಮನುಷ್ಯರನ್ನೂ ಬಿಟ್ಟಿರಲಿಲ್ಲ.

ನಿಮಗಾದ ಮೋಸವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿಯೇ ಬಂಗಾರ ಅಡ ಇಟ್ಟ ಇನ್ನೊಬ್ಬ ಮನುಷ್ಯಳಿದ್ದಾಳೆ, ಆಕೆಗೆ ನೀವು ಕೊಟ್ಟದ್ದು ಅರ್ಧ ಸಾಲು.

ಅಕ್ಕನವರ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಒಂದು ಅಧ್ಯಯನ ಇಂದಿಗೂ ನಡೆಯುತ್ತಿದೆ. ಹಾರ್ವರ್ಡಿನ 268 ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರನ್ನೂ ಅವರ ಮುಪ್ಪಿನವರೆಗೆ ಹಿಂಬಾಲಿಸಿದ ಅಧ್ಯಯನವಿದು. ಅದರ ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಅವರು ಹೇಳುವಂತೆ, ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿ ಇದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು; ಕೊಲೆಸ್ಟರಾಲ್ ಪ್ರಮಾಣಕ್ಕಿಂತ ಇದು ಮುಪ್ಪಿನ ಸ್ಥಿತಿಯನ್ನು ಚೆನ್ನಾಗಿ ಸೂಚಿಸಿತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತನಾಡುವ ಮುಖ್ಯ ವೈದ್ಯ) ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಎಚ್ಚರಿಕೆ ಹೊರಡಿಸಿದ್ದೂ ಇದೇ ಕಾರಣಕ್ಕೆ. ಆದರೆ ಗಮನಿಸಿ, ಈ ಮಾತುಗಳು ಸಂಬಂಧಗಳ ಬಗ್ಗೆ ಇವೆ, ಮದುವೆಯ ಬಗ್ಗೆ ಮಾತ್ರ ಅಲ್ಲ. ಕಹಿಯಾದ ದಾಂಪತ್ಯದಲ್ಲಿ ಸವೆಯುವವರೂ ಒಂಟಿಗಳೇ.

ಕುಷ್ಟಗಿ ಕಡೆಯ ಪಶುವೈದ್ಯ:

ನಾನು ಕೆಂಚಿಯ ಪಕ್ಷದಿಂದ ಮಾತನಾಡಬೇಕಾದವನು, ಆದರೂ ಕೆಲವು ಸಂಗತಿಗಳನ್ನು ಅವಳ ವಿರುದ್ಧವೂ ಹೇಳುತ್ತೇನೆ.

ಮೊದಲು ಅವಳ ಪರವಾದದ್ದು. ಜಪಾನಿನ ಅಝಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿ ಮತ್ತು ಅದರ ಒಡೆಯರು ಪರಸ್ಪರ ಕಣ್ಣಿಟ್ಟು ನೋಡಿದಷ್ಟೂ ಇಬ್ಬರ ಮೂತ್ರದಲ್ಲಿಯೂ ಆಕ್ಸಿಟೋಸಿನ್ ಪ್ರಮಾಣ ಏರಿದ್ದು ಕಂಡುಬಂತು. ತಾಯಿ ಮತ್ತು ಹಸುಗೂಸಿನ ನಡುವೆ ಕೆಲಸ ಮಾಡುವ ಹಾರ್ಮೋನು ಇದೇ. ಮರಿಯಿಂದಲೇ ಮನುಷ್ಯರು ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಆದ್ದರಿಂದ "ಅದು ರೊಟ್ಟಿಗಾಗಿ ಬಾಲ ಅಲ್ಲಾಡಿಸುತ್ತದೆ ಅಷ್ಟೇ" ಎನ್ನುವವರ ಮಾತನ್ನು ಅಕ್ಕನವರು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. 1980ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದವರ ಪೈಕಿ ಸಾಕುಪ್ರಾಣಿ ಇದ್ದ 53 ಜನರಲ್ಲಿ 50 ಜನ ಒಂದು ವರ್ಷದ ಬಳಿಕವೂ ಬದುಕಿದ್ದರು, ಸಾಕುಪ್ರಾಣಿ ಇಲ್ಲದ 39 ಜನರಲ್ಲಿ 28 ಜನ. ಗುಂಪು ಚಿಕ್ಕದು, ಅದನ್ನೇ ಮದ್ದೆಂದು ತಿಳಿಯಬೇಡಿ.

ಇನ್ನು ವಿರುದ್ಧವಾದದ್ದು. ಕೆಂಚಿಗೆ ಈಗ ನಾಲ್ಕು ವರ್ಷ. ಚೆನ್ನಾಗಿ ನೋಡಿಕೊಂಡರೆ ಇಂಥ ನಾಯಿ ಹನ್ನೆರಡು, ಹದಿಮೂರು ವರ್ಷ ಬದುಕೀತು. ಅವಳು ಹೋಗುವ ಹೊತ್ತಿಗೆ ನಿಮಗೆ 62 ದಾಟಿರುತ್ತದೆ. ಆಗ ಇನ್ನೊಂದು ಮರಿ ತಂದರೆ ಅದು ಮುದಿಯಾಗುವಾಗ ನಿಮಗೆ 75. ಉಣ್ಣಿ ಜ್ವರ ಹತ್ತಿದ ಇಪ್ಪತ್ತೈದು ಕಿಲೋ ತೂಕದ ನಾಯಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ಆಟೋಗೆ ಎತ್ತಿ ಹಾಕಲು 75ರ ವಯಸ್ಸಿನ ಒಂಟಿ ಹೆಂಗಸಿಗೆ ಆಗುವುದಿಲ್ಲ. ನಮ್ಮ ದವಾಖಾನೆಗೆ ಬರುವ ಸಾಕುನಾಯಿಗಳಲ್ಲಿ ಒಂಟಿ ಮನುಷ್ಯರ ನಾಯಿಗಳು ತಡವಾಗಿ ಬರುತ್ತವೆ. ಅವರಿಗೆ ಪ್ರೀತಿ ಕಡಿಮೆಯೆಂದಲ್ಲ, ಎತ್ತಿ ತರುವವರು ಇರುವುದಿಲ್ಲ.

ಎಂಜಿನಿಯರ್ ಅವರ ಅಂಜಿಕೆಯನ್ನು ದಯವಿಟ್ಟು ನಗೆಯಾಡಬೇಡಿ. ಅವರಿಗೆ ಕೊಟ್ಟದ್ದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ನೋವೂ ಹೆಚ್ಚು, ಅಪರೂಪಕ್ಕೆ ನರಗಳ ತೊಂದರೆಯೂ ಆಗುತ್ತಿತ್ತು. ಅದು ಈಗ ಬಳಕೆಯಲ್ಲಿಲ್ಲ. ಈಗ ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋದರೆ ತೋಳಿಗೆ ಕೆಲವೇ ಚುಚ್ಚುಮದ್ದು. ಕೆಂಚಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿದ್ದರೆ ಆ ಪುಸ್ತಕವನ್ನು ಅವರಿಗೆ ತೋರಿಸಿ.

ಬಳ್ಳಾರಿಯ ಓದುಗ:

ಉಪನ್ಯಾಸಕರೇ, ಕಥೆಯ ವಿಷಯದಲ್ಲಿ ತಪ್ಪಾಯಿತು. ಮನೆಯವಳ ವಿಷಯದಲ್ಲೂ. ಅಂದ ಹಾಗೆ, ನಾಯಿ ಬೇಡವಾದರೆ ಗಿಳಿ ಸಾಕಬಹುದಲ್ಲ? ಎಂಜಿನಿಯರರು ಅದಕ್ಕೆ ಹೆದರಲಾರರು.

ಕುಷ್ಟಗಿ ಕಡೆಯ ಪಶುವೈದ್ಯ:

ನಮ್ಮ ಕಾಡು ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಅದೃಷ್ಟ ತರುತ್ತದೆಂದು ಆಮೆ ಇಟ್ಟುಕೊಂಡವರು ಈ ಜಿಲ್ಲೆಯಲ್ಲೂ ಇದ್ದಾರೆ, ಹಾಗಾಗಿ ಹೇಳಿದೆ.

ಲಿಂಗಸುಗೂರು ತಾಲ್ಲೂಕಿನ ಕುರಿಗಾರರ ಮನೆಯವನು:

ಅಕ್ಕಾ, ಕೆಂಚಿ ನಮ್ಮ ಕಡೆಯವಳೆಂದು ಓದಿ ಸಂತೋಷವಾಯಿತು. ನಮ್ಮಲ್ಲಿ ನಾಯಿ ಸಂಗಾತಿಯಲ್ಲ, ಒಬ್ಬ ಆಳು ಎನ್ನಬಹುದು. ತೋಳ ಬಂದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಅದಕ್ಕೆ ಮುದ್ದು ಮಾಡುವವರಿಲ್ಲ, ಆದರೆ ನಾವು ಉಣ್ಣುವ ಮುನ್ನ ಅದರ ಪಾಲು ತೆಗೆದಿಡುತ್ತೇವೆ. ಮೈಲಾರಲಿಂಗನ ಒಕ್ಕಲು ನಾವು. ಜಾತ್ರೆಯಲ್ಲಿ ಮೈಲಾರನ ಭಕ್ತರಾದ ಗೊರವಯ್ಯಗಳು ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಎಡೆಯನ್ನು ನಾಯಿಗಳಂತೆ ಬೊಗಳುತ್ತ ಬಾಯಿಯಿಂದಲೇ ಉಣ್ಣುವುದನ್ನು ನೋಡಿ ಬೆಳೆದವರು. ದೇವರ ಮುಂದೆ ನಾಯಿಯಾಗಿ ನಿಲ್ಲುವುದು ನಮಗೆ ಅವಮಾನವಲ್ಲ.

ಹೊಲದ ಮನೆಯ ಬಗ್ಗೆ ಒಂದು ಮಾತು. ಹೊಸ್ತಿಲಲ್ಲಿ ಬೆಳೆದ ನಾಯಿಯನ್ನು ನಾಲ್ಕು ವರ್ಷದ ಮೇಲೆ ಹೊಲಕ್ಕೆ ಬಿಟ್ಟರೆ ಅದು ಅಲ್ಲಿ ಉಳಿಯುವುದಿಲ್ಲ. ನಾವು ಕೊಟ್ಟ ಒಂದು ನಾಯಿ ಹಳ್ಳ, ರಸ್ತೆ ದಾಟಿ ಆರು ದಿನದ ಮೇಲೆ ನಮ್ಮ ಹಟ್ಟಿಗೆ ಮರಳಿತು, ಪಾದದ ಮೆತ್ತೆಗಳೆಲ್ಲ ಒಡೆದಿದ್ದವು. ನಿಮ್ಮ ಮತ್ತು ಅಣ್ಣನವರ ಹೊಲದ ನಡುವೆ ದೊಡ್ಡ ಕಾಲುವೆ ಇದ್ದರೆ ಯೋಚಿಸಿ.

ರಾಯಚೂರಿನ ವಕೀಲೆ:

ಭಾವನೆಯ ಮಾತು ಸಾಕಷ್ಟು ಬಂದಿರುವುದರಿಂದ ನಾನು ಆಸ್ತಿಯ ಮಾತಾಡುತ್ತೇನೆ. ಮನುಷ್ಯ ಸಂಬಂಧದ ಅಪಾಯಗಳಲ್ಲಿ ಅರ್ಧದಷ್ಟನ್ನು ಕಾಗದದ ಮೇಲೆ ಮುಂಚಿತವಾಗಿ ಕಟ್ಟಿಹಾಕಬಹುದು ಎಂಬುದು ನನ್ನ ಅನುಭವ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಒಪ್ಪಿಗೆ ಕೊಟ್ಟಿತಾದರೂ, ಮದುವೆಯಾದವಳು ಮೊದಲ ಗಂಡನ ಆಸ್ತಿಯ ಹಕ್ಕನ್ನು ಬಿಡಬೇಕಾಗಿತ್ತು. ಹಳ್ಳಿಗಳಲ್ಲಿ ಈಗಲೂ ಜನ ಹಾಗೆಯೇ ತಿಳಿದಿದ್ದಾರೆ, ಮೈದುನಂದಿರು ಹಾಗೆಯೇ ಹೆದರಿಸುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಪತಿಯಿಂದ ನಿಮಗೆ ಉತ್ತರಾಧಿಕಾರವಾಗಿ ಬಂದ ಪಾಲು ಪೂರ್ತಿ ನಿಮ್ಮದೇ. ಮರುಮದುವೆಯಿಂದ ಅದು ಕೈತಪ್ಪುವುದಿಲ್ಲ.

ಆದರೆ ಮುಂದಿನದನ್ನು ಯಾರೂ ಹೇಳುವುದಿಲ್ಲ. ನೀವು ಮರುಮದುವೆಯಾಗಿ ಉಯಿಲು ಬರೆಯದೆ ತೀರಿಕೊಂಡರೆ, 15ನೆಯ ಕಲಮಿನಂತೆ ನಿಮ್ಮ ಆಸ್ತಿಗೆ ಮಗ ಮತ್ತು ಗಂಡ ಇಬ್ಬರೂ ವಾರಸುದಾರರು. ಮನೆ ಮಗನಿಗೇ ಹೋಗಬೇಕೆಂದಿದ್ದರೆ ಉಯಿಲು ಬರೆದು ನೋಂದಾಯಿಸಿ. ಅವರೂ ಬರೆಯಲಿ. ಉಯಿಲಿನ ಮಾತಿಗೆ ಮುಖ ಸಿಂಡರಿಸುವವರ ಜೊತೆ ಮದುವೆಯ ಮಾತು ಮುಂದುವರಿಸಬೇಡಿ.

ಇನ್ನು ಕೆಂಚಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದರೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ಎಲ್ಲೋ ಬಿಟ್ಟು ಬರುವುದು ಅಪರಾಧ. ಮೊದಲ ಸಲದ ದಂಡ 10 ರೂಪಾಯಿಗಿಂತ ಕಡಿಮೆಯಿಲ್ಲ, 50 ರೂಪಾಯಿಗಿಂತ ಹೆಚ್ಚಿಲ್ಲ. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಎರಡು ಚಹಾ ಕುಡಿದಷ್ಟು.

ಗಂಗಾವತಿಯಿಂದ ಒಬ್ಬ ಅಕ್ಕ:

ನಾನು 49ರ ವಯಸ್ಸಿನಲ್ಲಿ ಎರಡನೆಯ ಮದುವೆಯಾದವಳು, ಒಂಬತ್ತು ವರ್ಷವಾಯಿತು. ಹೆಸರು ಹೇಳದೆ ಇರುವುದರಿಂದ ಧೈರ್ಯವಾಗಿ ಬರೆಯುತ್ತೇನೆ.

ಮದುವೆಯಾದ ಆರನೆಯ ತಿಂಗಳಿಗೆ ಅವರ ತಾಯಿ ಹಾಸಿಗೆ ಹಿಡಿದರು. ಎರಡು ವರ್ಷ ನಾನು ನೋಡಿಕೊಂಡೆ. ಒಂದು ದಿನ ಅವರ ಹಿರಿಯ ಮಗ ಯಾರೊಂದಿಗೋ ಫೋನಿನಲ್ಲಿ, "ಈಗ ಅಜ್ಜಿಯ ಚಿಂತೆ ಇಲ್ಲ, ಮನೆಯಲ್ಲಿ ಒಬ್ಬರು ಇದ್ದಾರೆ" ಎಂದದ್ದು ಕಿವಿಗೆ ಬಿತ್ತು. ಒಬ್ಬರು! ಅವ್ವ ಎನ್ನಲಿ ಎಂದು ನಾನು ಕೇಳಿರಲಿಲ್ಲ, ಚಿಕ್ಕಮ್ಮ ಎನ್ನಬಹುದಿತ್ತು. ಸಂಬಳವಿಲ್ಲದ ಆಳಾಗಿ ಬಂದೆನೇ ಎಂದು ಆ ರಾತ್ರಿ ಅವರನ್ನು ನೇರವಾಗಿ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಆದರೆ ಮರುದಿನದಿಂದ ತಾಯಿಯ ರಾತ್ರಿಯ ಪಾಳಿ ತಾವೇ ಮಾಡಿದರು. ಅದನ್ನು ಉತ್ತರವೆಂದು ತಿಳಿದೆ, ಎಲ್ಲ ದಿನವೂ ಅಲ್ಲ.

ತಂಗಿ, ಅರವತ್ತರ ಗಂಡಸು ಹೆಂಡತಿಯನ್ನು ಹುಡುಕುತ್ತಿದ್ದಾನೋ ಅಡುಗೆಯವಳನ್ನೋ ಎಂಬುದನ್ನು ಮೊದಲೇ ಕಂಡುಕೊಳ್ಳಬೇಕು. ಎಂಟು ವರ್ಷ ಅವರಿಗೆ ರೊಟ್ಟಿ ಬಡಿದವರು ಯಾರು ಎಂದು ಕೇಳು. ತಾವೇ ಮಾಡಿಕೊಂಡಿದ್ದರೆ ಒಂದು ಮಾತು. ಯಾರೋ ಮಾಡಿಕೊಟ್ಟಿದ್ದು, ಈಗ ಅವರು ಕೆಲಸ ಬಿಟ್ಟಿದ್ದರೆ ಇನ್ನೊಂದು ಮಾತು.

ಸಿಂಧನೂರಿನ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. ಗಂಗಾವತಿಯ ಅಕ್ಕಾ, ಕೇಳಿದೆ. ಅನ್ನ ಸಾರು ಮಾಡಲು ಬರುತ್ತದಂತೆ. ರೊಟ್ಟಿ ಖಾನಾವಳಿಯಿಂದ ತರಿಸುತ್ತಾರಂತೆ, ಬಡಿಯಲು ಎರಡು ವರ್ಷ ಪ್ರಯತ್ನಿಸಿ ಕೈಬಿಟ್ಟೆ ಎಂದರು. ಇದು ಯಾವ ಮಾತಿನ ಲೆಕ್ಕಕ್ಕೆ ಬರುತ್ತದೆಂದು ನೀವೇ ಹೇಳಿ.

ಮೊದಲ ಪತ್ರದಲ್ಲಿ ಬರೆಯದ ಒಂದು ಸಂಗತಿ ಇದೆ. ಕೆಂಚಿಗೆ ಕೆಟ್ಟ ಹೆಸರು ಬಂದೀತೆಂದು ಬಿಟ್ಟಿದ್ದೆ. ಕಳೆದ ವರ್ಷ ಬೆಳಗಿನ ನಾಲ್ಕೂವರೆಗೆ ಅವಳನ್ನು ಹೊರಗೆ ಬಿಡಲು ಹಿತ್ತಿಲ ಬಾಗಿಲು ತೆಗೆದು ಬಚ್ಚಲಿಗೆ ಹೋದವಳು ಜಾರಿ ಬಿದ್ದೆ. ಬಲಗಾಲಿನ ಹಿಮ್ಮಡಿಯ ಮೇಲಿನ ಎಲುಬು ಮುರಿದಿತ್ತು. ಫೋನು ಪಡಸಾಲೆಯಲ್ಲಿತ್ತು. ಕೆಂಚಿ ಬಂದಳು, ಮೂಸಿದಳು, ನನ್ನ ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಮಲಗಿ ನನ್ನ ತೋಳಿನ ಮೇಲೆ ಗದ್ದ ಇಟ್ಟಳು. ಬೊಗಳಲಿಲ್ಲ. ನಾನು ಅವಳ ಪಕ್ಕದಲ್ಲಿ ಮಲಗಿದ್ದೇನೆಂದರೆ ಅವಳಿಗೆ ಅದು ಒಳ್ಳೆಯ ಸಮಯವೇ ಇರಬೇಕು. ಆ ಎರಡು ತಾಸು ಅವಳ ಮೈಯ ಬಿಸಿ ಇಲ್ಲದಿದ್ದರೆ ನಾನು ಅಂಜಿಕೆಯಿಂದಲೇ ಅರ್ಧ ಸಾಯುತ್ತಿದ್ದೆ, ಇದು ಸತ್ಯ.

ಆರೂವರೆಗೆ ಹಾಲು ಹಾಕುವಾಕೆ ಬಂದು, ನನ್ನ ಕೂಗು ಕೇಳಿ ಹಿತ್ತಿಲಿನಿಂದ ಒಳಗೆ ಬಂದಳು. ಆಕೆಯನ್ನು ಕೆಂಚಿ ಮರಿಯಿಂದ ಬಲ್ಲಳು. ಆದರೆ ಅಂದು ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತು ಹಲ್ಲು ತೋರಿಸಿದಳು, ಬೆನ್ನಿನ ಕೂದಲು ನಿಮಿರಿತ್ತು. ಬಿದ್ದ ನನ್ನ ಹತ್ತಿರ ಯಾರನ್ನೂ ಬಿಡಲಾರಳು. ನಾನು ತೆವಳಿಕೊಂಡು ಹೋಗಿ ಕೊರಳಪಟ್ಟಿ ಹಿಡಿದು ಎಳೆದು, ಅವಳ ಮುಖವನ್ನು ನನ್ನ ಮಡಿಲಿಗೆ ಒತ್ತಿಕೊಂಡಾಗಲೇ ಹಾಲಿನವಳು ಒಳಗೆ ಕಾಲಿಡಲು ಸಾಧ್ಯವಾದದ್ದು. ನಾನು ಆಸ್ಪತ್ರೆಯಲ್ಲಿದ್ದ ಐದು ದಿನ ಕೆಂಚಿಗೆ ರೊಟ್ಟಿ ಹಾಕಿದವಳೂ ಅದೇ ಹಾಲಿನವಳು. ನಾನು ಹೇಳಿರಲಿಲ್ಲ. ಉಪ್ಪು ಹಾಕಬಾರದೆಂಬುದು ಮಾತ್ರ ಆಕೆಗೆ ಗೊತ್ತಿರಲಿಲ್ಲ.

ಇನ್ನೊಂದು ಕೊರತೆ ಚಿಕ್ಕದು, ಆದರೆ ದಿನವೂ ಕಾಡುತ್ತದೆ. ಮೂವತ್ತು ವರ್ಷದಿಂದ ಬೇರೆಯವರ ಲೆಕ್ಕ ತಿದ್ದುತ್ತಿರುವ ನನ್ನನ್ನು ಈಗ ತಿದ್ದುವವರಿಲ್ಲ. ಒಂದೇ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದರೂ ಕೆಂಚಿ ಕಿವಿ ನಿಮಿರಿಸಿ ಕೇಳುತ್ತಾಳೆ. ಯಜಮಾನರು ಮಾತು ಬಿಟ್ಟ ವಾರಗಳನ್ನು ಮಾತ್ರ ಬರೆದೆ; ಮಾತಾಡುತ್ತಿದ್ದ ವಾರಗಳಲ್ಲಿ, "ಅದು ಹಾಗಲ್ಲ, ನೀನು ತಪ್ಪು ನೆನಪಿಟ್ಟಿದ್ದೀಯ" ಎಂದು ಅವರು ಅನ್ನುತ್ತಿದ್ದುದನ್ನು ಬರೆಯಲಿಲ್ಲ. ಆಗ ಅದು ಕಿರಿಕಿರಿಯಾಗಿತ್ತು. ಎಂಜಿನಿಯರರು ಎರಡನೆಯ ಭೇಟಿಯಲ್ಲಿ ನಾನು ಹೇಳಿದ ಕಾಲುವೆಯ ನೀರಿನ ಲೆಕ್ಕವೊಂದನ್ನು ತಿದ್ದಿದರು, ಮನೆಗೆ ಬಂದ ಮೇಲೂ ಅದೇ ನೆನಪಾಗುತ್ತಿತ್ತು.

ಆದರೂ ಕೆಂಚಿಯನ್ನು ಹೊಲಕ್ಕೆ ಕಳಿಸುವುದಿಲ್ಲ. ನಡುವೆ ಕಾಲುವೆ ಇದೆ. ಈ ಭಾನುವಾರ ಅವರನ್ನು ಚಹಾಕ್ಕೆ ಕರೆದು ಅದನ್ನು ನಾನೇ ಹೇಳುತ್ತೇನೆ, ಅಣ್ಣನ ಮೂಲಕ ಅಲ್ಲ.

ಕುಷ್ಟಗಿ ಕಡೆಯ ಪಶುವೈದ್ಯ:

ಹಾಗಿದ್ದರೆ ಒಳಗೆ ಕರೆಯಬೇಡಿ, ಹೊರಗಿನ ಕಟ್ಟೆಯ ಮೇಲೆ ಕೂರಿಸಿ. ಮನೆಯೊಳಗೆ ಅವಳದೇ ರಾಜ್ಯ. ಅದಕ್ಕೂ ಮೊದಲು ಅವಳನ್ನು ಒಂದು ಸುತ್ತು ನಡೆಸಿ ದಣಿಸಿ, ಸರಪಳಿ ಹಾಕಿ ಜಾಲರಿ ಬಾಗಿಲಿನ ಒಳಗೆ ಕಟ್ಟಿ. ಅವರು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಕ್ಕಕ್ಕೆ ತಿರುಗಿ ಕೂರಲಿ, ಕೈ ಚಾಚುವುದು ಬೇಡ. ಬೊಗಳಿದರೆ ನೀವು ಬೈಯಬೇಡಿ. ಮೊದಲ ದಿನ ಇಷ್ಟು ಸಾಕು. ಕೆಲವು ಸಲ ವಾರಗಳು ಹಿಡಿಯುತ್ತವೆ, ಕೆಲವು ಸಲ ಆಗುವುದೇ ಇಲ್ಲ.

ಸಿಂಧನೂರಿನ ಶಿಕ್ಷಕಿ:

ಭಾನುವಾರ ಬಂದಿದ್ದರು. ಕೆಂಚಿ ಮೊದಲ ಹತ್ತು ನಿಮಿಷ ಬೊಗಳಿದಳು, ಆಮೇಲೆ ಗುರುಗುಟ್ಟಿದಳು, ಆಮೇಲೆ ಜಾಲರಿಗೆ ಮೂಗು ಒತ್ತಿ ಕುಳಿತಳು. ಅವರ ಕೈಯಲ್ಲಿದ್ದ ಕಪ್ ಮತ್ತು ಬಸಿ ಸಣ್ಣಗೆ ಸದ್ದು ಮಾಡುತ್ತಿತ್ತು, ಚಹಾ ಅರ್ಧ ಬಸಿಗೇ ಚೆಲ್ಲಿತ್ತು. ಎದ್ದು ಹೋಗಲಿಲ್ಲ. ಹೊಲದ ಮನೆಗೆ ಕಳಿಸುವುದಿಲ್ಲವೆಂದು ಹೇಳಿದೆ, ಉಯಿಲಿನ ಮಾತನ್ನೂ ಹೇಳಿದೆ. ಉಯಿಲಿಗೆ ಕೂಡಲೇ ತಲೆಯಾಡಿಸಿದರು. ಕೆಂಚಿಯ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಸಿಕೆ ಯಾವಾಗ ಹಾಕಿಸಿದ್ದೀರಿ?" ಎಂದರು. ಒಳಗಿನಿಂದ ಪುಸ್ತಕ ತಂದು ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು, ನಾಲ್ಕು ವರ್ಷದ ತಾರೀಖುಗಳನ್ನೂ ಬೆರಳಿಟ್ಟು ನೋಡಿದರು. ಈ ವರ್ಷದ ಲಸಿಕೆಗೆ ಹನ್ನೊಂದು ದಿನ ತಡವಾಗಿದೆ ಎಂದು ಹೇಳಿದರು. ನಾನು ಗಮನಿಸಿಯೇ ಇರಲಿಲ್ಲ.